ಅಪ್‌ಡೇಟ್: ಹಿಂದಿನ ಚಕ್ರದ ಕಳ್ಳ ಸಿಕ್ಕಿಬಿದ್ದ

ಎರಡು ವಾರದ ಹಿಂದೆ ಕೇಳಿದ್ದೆ, ನೆನಪಿದೆಯಾ? ಬಸವನಗುಡಿಯಿಂದ ತುರಹಳ್ಳಿ ಕಡೆ ಸೈಕಲ್‌ನಲ್ಲಿ ಹೋದಾಗಲೆಲ್ಲ ಹಿಂದಿನ ಚಕ್ರ ಪಂಕ್ಚರ್, ಟ್ಯೂಬ್ ಬದಲಿಸಿದರೂ ಅದೇ ಕಥೆ ಅಂತ.

ಟೈರ್ ಒಳಗೆ ಹತ್ತಿ ಸವರಿ ನೋಡಿ ಅಂದವರಿಗೆ ದೊಡ್ಡ ನಮಸ್ಕಾರ. ಸುಮ್ನೆ ಬೆರಳಾಡಿಸಿದಾಗ ಏನೂ ಸಿಕ್ಕಿರಲಿಲ್ಲ. ಹತ್ತಿ ಮಾತ್ರ ಒಂದು ಕಡೆ ಎಳೆ ಎಳೆಯಾಗಿ ಸಿಕ್ಕಿಕೊಂಡಿತು. ನೋಡಿದರೆ ಕೂದಲಿನಷ್ಟು ಸಣ್ಣ ತಂತಿ! ಲಾರಿ ಟೈರ್ ಹರಿದಾಗ ರಸ್ತೆಗೆ ಉದುರುವುದು ಇಂಥವೇ. ಅಕ್ಕನ ಹುಬ್ಬಿನ ಚಿಮಟದಿಂದ ಕಿತ್ತೆ. (ಅವಳಿಗೆ ಇನ್ನೂ ಹೇಳಿಲ್ಲ.)

ಭಾನುವಾರ ಮತ್ತೆ ಹೋದೆ. ಏರಿನಲ್ಲಿ ಟೈರಿನ ಗಾಳಿ ಹೋಗಲಿಲ್ಲ, ನನ್ನ ಉಸಿರು ಹೋಯಿತು ಅಷ್ಟೇ. ವಾಪಸ್ ಬರುವಾಗ ಗಾಂಧಿ ಬಜಾರಿನಲ್ಲಿ ಗೆಳೆಯನ ಜೊತೆ ಬೈಟು ಕಾಫಿ. ಪಂಪ್ ಮಾತ್ರ ಇನ್ನೂ ಬ್ಯಾಗಿನಲ್ಲೇ ಇದೆ.