ಗಂಡು ಬೆಕ್ಕು ಟ್ರೇಯಲ್ಲಿ ಕೂತು ತಿಣುಕುತ್ತಿದೆ, ಏನೂ ಬರುತ್ತಿಲ್ಲ. ನಾಳೆವರೆಗೆ ಕಾಯಬಹುದಾ?

ಸಾಗರದ ಸುಮ
ನಮ್ಮ ಕೆಂಚನಿಗೆ 3 ವರ್ಷ. ಮರಿ ಆಗದ ಹಾಗೆ ಆಪರೇಷನ್ ಆಗಿದೆ, ಮನೆಯೊಳಗೇ ಇರುತ್ತಾನೆ, ಸ್ವಲ್ಪ ದಪ್ಪ. ನಿನ್ನೆ ರಾತ್ರಿಯಿಂದ ಮರಳಿನ ಟ್ರೇಗೆ ಹತ್ತು ನಿಮಿಷಕ್ಕೊಂದು ಸಲ ಹೋಗುತ್ತಿದ್ದಾನೆ. ಕೂತು ತಿಣುಕುತ್ತಾನೆ, ಯಾವತ್ತೂ ಕೇಳದ ಒಂಥರಾ ದಪ್ಪ ದನಿಯಲ್ಲಿ ಕೂಗುತ್ತಾನೆ, ಆಮೇಲೆ ಮರಳು ಕೆದಕಿ ಮುಚ್ಚುತ್ತಾನೆ, ಆದರೆ ಹೋಗಿ ನೋಡಿದರೆ ಅಲ್ಲಿ ಏನೂ ಇರುವುದಿಲ್ಲ. ಟ್ರೇಯಿಂದ ಇಳಿದವನೇ ಹಿಂದುಗಡೆ ನೆಕ್ಕುತ್ತಾ ಕೂರುತ್ತಾನೆ. ಬೆಳಿಗ್ಗೆ ಬಚ್ಚಲಿನ ಬಿಳಿ ಟೈಲ್ಸ್ ಮೇಲೆ ಎರಡು ಹನಿ ಕಂಡವು, ತಿಳಿ ಗುಲಾಬಿ ಬಣ್ಣ. ಬಂಗುಡೆ ಬೇಯುವ ವಾಸನೆಗೆ ಒಲೆ ಬುಡಕ್ಕೆ ಬರುವವನು ಇವತ್ತು ಮಂಚದ ಕೆಳಗಿಂದ ಎದ್ದೇ ಬರಲಿಲ್ಲ.

ಅಮ್ಮ ಇದು ಮಲಬದ್ಧತೆ, ಒಂದು ಚಮಚ ಹರಳೆಣ್ಣೆ ಕುಡಿಸು, ಸರಿಹೋಗುತ್ತೆ ಅಂತಾರೆ. ಇವತ್ತು ಭಾನುವಾರ ಬೇರೆ. ನಾಳೆ ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋದರೆ ಸಾಕಾ? ತುಂಬಾ ಹೆದರಿಕೆ ಆಗಿದೆ.

ಮೂರು ಬೆಕ್ಕಿನ ಮನೆ
ಸುಮಾ ಅವರೇ, ಕಾಯಬೇಡಿ. ಇವತ್ತೇ ಹೊರಡಿ. ಇದು ಮಲಬದ್ಧತೆ ಅಲ್ಲ ಅನಿಸುತ್ತದೆ, ಉಚ್ಚೆ ಕಟ್ಟಿಕೊಂಡಿರಬೇಕು.

ಗಂಡು ಬೆಕ್ಕಿಗೆ ಉಚ್ಚೆ ಹೋಗುವ ನಾಳ ತುಂಬಾ ಸಣ್ಣದು, ತುದಿಯಲ್ಲಂತೂ ಇನ್ನೂ ಕಿರಿದು. ಸಣ್ಣ ಹರಳು, ಲೋಳೆ ಎಲ್ಲ ಸೇರಿ ಅಲ್ಲಿ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತದೆ. ಹೊರಗೆ ಹೋಗಬೇಕಾದ ವಿಷ ರಕ್ತದಲ್ಲೇ ಉಳಿಯುತ್ತದೆ, ಕಿಡ್ನಿ ಕೆಡುತ್ತದೆ, ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪುತ್ತದೆ. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವ ಹೋಗಬಹುದು. ನಿಮ್ಮವನಿಗೆ ಆಗಲೇ ಒಂದು ರಾತ್ರಿ ಕಳೆದಿದೆ.

ಹರಳೆಣ್ಣೆ ಬೇಡ. ಬಲವಂತವಾಗಿ ಎಣ್ಣೆ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ. ಹೊಟ್ಟೆ ಒತ್ತಿ ನೋಡಲೂ ಹೋಗಬೇಡಿ, ಮೂತ್ರಕೋಶ ಬಿಗಿದುಕೊಂಡಿದ್ದರೆ ಒಡೆಯಬಹುದು. ಶಿವಮೊಗ್ಗದಲ್ಲಿ ಯಾರು ತೆರೆದಿದ್ದಾರೆ ಅಂತ ಮೊದಲು ಫೋನ್ ಮಾಡಿ ವಿಚಾರಿಸಿ. ‘ಗಂಡು ಬೆಕ್ಕು, ನಿನ್ನೆ ರಾತ್ರಿಯಿಂದ ಉಚ್ಚೆ ಹೋಗಿಲ್ಲ’ ಅಂತ ಹೇಳಿದರೆ ಸಾಕು, ಅವರಿಗೆ ಅರ್ಥ ಆಗುತ್ತದೆ.

ಧಾರವಾಡದವನು
ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಬೋಳ ಹೀಗೇ ಹೋದ. ಮೊದಲ ದಿನ ಟ್ರೇಯಲ್ಲಿ ಕೂಗಾಡಿದ, ಎರಡನೇ ದಿನ ವಾಂತಿ ಮಾಡಿಕೊಂಡು ಸುಮ್ಮನೆ ಮಲಗಿಬಿಟ್ಟ. ಕೂಗು ನಿಂತಿತಲ್ಲ, ನೋವು ಕಡಿಮೆ ಆಯಿತು ಅಂದುಕೊಂಡೆವು. ಅದು ಕಡಿಮೆ ಆಗಿದ್ದಲ್ಲ, ಅವನ ಶಕ್ತಿ ಮುಗಿದಿತ್ತು. ಆಸ್ಪತ್ರೆಗೆ ಒಯ್ಯುವಾಗ ಕಿವಿ, ಪಾದ ಎಲ್ಲ ತಣ್ಣಗಿದ್ದವು. ಇವತ್ತಿಗೂ ಆ ತಣ್ಣನೆಯ ಕಿವಿ ಕೈಗೆ ಹತ್ತಿದ ಹಾಗೆ ಇದೆ. ನಿಮ್ಮ ಕೆಂಚ ಸುಮ್ಮನಾದರೆ ದಯವಿಟ್ಟು ಸಮಾಧಾನ ಪಡಬೇಡಿ.

ಇನ್ನೊಂದು ಮಾತು. ಮನೆಯಲ್ಲಿ ಯಾರಾದರೂ ನೋವಿಗೆ ಅರ್ಧ ಪ್ಯಾರಾಸಿಟಮಾಲ್ ಕೊಡೋಣ ಅಂದರೆ ಕೊಡಲು ಬಿಡಬೇಡಿ. ಬೆಕ್ಕಿನ ಲಿವರ್‌ಗೆ ಅದನ್ನು ಅರಗಿಸಲು ಆಗುವುದಿಲ್ಲ. ಅರ್ಧ ಮಾತ್ರೆಯೇ ಕೊಂದುಬಿಡಬಹುದು.

ಕ್ಲಿನಿಕ್ ಕೆಲಸದವಳು
ಸುಮಾ ಅವರು ಹೊರಟಿರುತ್ತಾರೆ ಅಂದುಕೊಂಡಿದ್ದೇನೆ. ಇದನ್ನು ಓದುವ ಉಳಿದವರಿಗಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಕೆಲಸ ಮಾಡುವ ಕಡೆ ‘ನಿನ್ನೆವರೆಗೂ ಚೆನ್ನಾಗಿತ್ತು’ ಅನ್ನುವ ಮಾತು ದಿನಾ ಕೇಳುತ್ತೇನೆ. ಚೆನ್ನಾಗಿರಲಿಲ್ಲ, ಅದು ತೋರಿಸಿರಲಿಲ್ಲ. ಬೆಕ್ಕು ನೋವನ್ನು ಅಡಗಿಸಿಡುತ್ತದೆ.

ಹಾಗಾಗಿ ಅದರ ದಿನಚರಿ ಎಲ್ಲಿ ತಪ್ಪಿತು ಅಂತ ನೋಡಬೇಕು. ಸೋಫಾ ಮೇಲೆ ಮಲಗುತ್ತಿದ್ದದ್ದು ಬೀರು ಹಿಂದೆ ಹೋಗಿ ಕೂತಿದೆಯಾ, ಕಿಟಕಿಗೆ ಹಾರುವುದನ್ನು ಬಿಟ್ಟಿದೆಯಾ, ಮೈ ನೆಕ್ಕದೆ ಬೆನ್ನ ಮೇಲೆ ಕೂದಲು ಗಂಟು ಕಟ್ಟಿದೆಯಾ. ವಯಸ್ಸಾದ ಬೆಕ್ಕು ಇದ್ದಕ್ಕಿದ್ದಂತೆ ನೀರು ಜಾಸ್ತಿ ಕುಡಿಯಲು ಶುರುಮಾಡಿದರೆ ಕಿಡ್ನಿ ಅಥವಾ ಸಕ್ಕರೆ ಕಾಯಿಲೆ ಇರಬಹುದು, ಪರೀಕ್ಷೆ ಮಾಡಿಸಿ. ದಪ್ಪ ಬೆಕ್ಕು ಎರಡು ದಿನ ಊಟ ಬಿಟ್ಟರೂ ಲಿವರ್‌ನಲ್ಲಿ ಕೊಬ್ಬು ತುಂಬಿ ಬೇರೆಯದೇ ಕಾಯಿಲೆ ಶುರುವಾಗಬಹುದು, ‘ಹಸಿವಾದರೆ ತಿನ್ನುತ್ತೆ ಬಿಡು’ ಅನ್ನುವುದು ಬೆಕ್ಕಿಗೆ ನಡೆಯುವುದಿಲ್ಲ. ಮಲಗಿದಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. 30 ದಾಟುತ್ತಲೇ ಇದ್ದರೆ ಡಾಕ್ಟರಿಗೆ ಹೇಳಿ. ನಾಯಿಯ ಹಾಗೆ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಒಸಡು ಬಿಳಿಚಿಕೊಂಡಿದ್ದರೆ ಎಣಿಸುತ್ತಾ ಕೂರಬೇಡಿ, ಎತ್ತಿಕೊಂಡು ಓಡಿ.

ಸಾಗರದ ಸುಮ
ಎಲ್ಲರಿಗೂ ಕೈ ಮುಗಿಯುತ್ತೇನೆ. ನಿಮ್ಮ ಉತ್ತರ ಓದಿದವಳೇ ತರಕಾರಿ ಬುಟ್ಟಿಗೆ ಟವೆಲ್ ಹಾಸಿ ಅವನನ್ನು ಕೂರಿಸಿಕೊಂಡು ಹೊರಟೆ. ಶಿವಮೊಗ್ಗಕ್ಕೆ 70 ಕಿಲೋಮೀಟರ್, ದಾರಿಯುದ್ದಕ್ಕೂ ಬುಟ್ಟಿಯೊಳಗೆ ಕೈ ಇಟ್ಟುಕೊಂಡೇ ಇದ್ದೆ. ಡಾಕ್ಟರ್ ಹೊಟ್ಟೆ ಮುಟ್ಟಿದ ಕೂಡಲೇ ‘ಚೆಂಡಿನ ಹಾಗೆ ಗಟ್ಟಿಯಾಗಿದೆ’ ಅಂದರು. ಮಂಪರು ಬರುವ ಇಂಜೆಕ್ಷನ್ ಕೊಟ್ಟು ನಳಿಕೆ ಹಾಕಿ ತೆಗೆದಾಗ ಬಂದ ಉಚ್ಚೆ ಬೀಟ್ರೂಟ್ ಬೇಯಿಸಿದ ನೀರಿನ ಬಣ್ಣ ಇತ್ತು. ಮೂರು ದಿನ ನಳಿಕೆ, ಡ್ರಿಪ್ ಎಲ್ಲ ಇತ್ತು. ನಿನ್ನೆ ಮನೆಗೆ ಕರೆತಂದೆವು. ಕುತ್ತಿಗೆಗೆ ಹಾಕಿದ ಪ್ಲಾಸ್ಟಿಕ್ ಕೊರಳಪಟ್ಟಿ ಬಾಗಿಲಿಗೆಲ್ಲ ಬಡಿಯುತ್ತಿದೆ, ಆದರೂ ಅಮ್ಮನ ಹಿಂದೆಯೇ ಅಡುಗೆಮನೆಗೆ ಹೋದ. ಅಮ್ಮ ಅಳುತ್ತಾ ಬಂಗುಡೆ ಬಿಡಿಸಿ ಕೊಟ್ಟರು.

ಇನ್ನು ಮುಂದೆ ಊಟ ಹೇಗೆ? ಇದುವರೆಗೆ ಬರೀ ಒಣ ಪ್ಯಾಕೆಟ್ ಫುಡ್ ಹಾಕುತ್ತಿದ್ದೆವು.

ಮೂರು ಬೆಕ್ಕಿನ ಮನೆ
ಓದಿ ಜೀವ ಬಂತು! ಯಾವ ಆಹಾರ ಅನ್ನುವುದನ್ನು ಡಾಕ್ಟರೇ ಹೇಳಲಿ, ಹರಳು ಯಾವ ಬಗೆಯದು ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಮೈಗೆ ನೀರು ಸೇರುವುದು ಮಾತ್ರ ಮುಖ್ಯ. ಒದ್ದೆ ಆಹಾರ ಒಳ್ಳೆಯದು, ಅವರು ಒಣದ್ದೇ ಹೇಳಿದರೆ ಬಿಸಿನೀರಲ್ಲಿ ನೆನೆಸಿ ಹಾಕಿ. ನೀರಿನ ಬಟ್ಟಲು ಊಟದ ತಟ್ಟೆ ಪಕ್ಕ ಬೇಡ, ಮನೆಯಲ್ಲಿ ಎರಡು ಮೂರು ಕಡೆ ಇಡಿ.

ಇದು ಮತ್ತೆ ಬರಬಹುದು, ಅದರಲ್ಲೂ ಮೊದಲ ಕೆಲವು ವಾರ. ನಾನು ಟ್ರೇ ಬಳಿ ಗೋಡೆಗೆ ಒಂದು ಹಾಳೆ ಅಂಟಿಸಿ, ಉಚ್ಚೆಗೆ ಕಟ್ಟಿದ ಒದ್ದೆ ಉಂಡೆ ಎಷ್ಟು, ಎಷ್ಟು ದೊಡ್ಡದು ಅಂತ ಬೆಳಿಗ್ಗೆ ಸಂಜೆ ಗೀಟು ಹಾಕುತ್ತಿದ್ದೆ. ನಿಮ್ಮ ಟ್ರೇಯಲ್ಲಿರುವುದು ಬರೀ ಮರಳಾದರೆ ಉಂಡೆ ಕಟ್ಟುವುದಿಲ್ಲ, ಸದ್ಯಕ್ಕಾದರೂ ಉಂಡೆ ಕಟ್ಟುವ ಲಿಟರ್ (ಬೆಕ್ಕಿನ ಟ್ರೇಗೆಂದೇ ಸಿಗುವ ಪುಡಿ) ತಂದು ಹಾಕಿ.