ಅಪ್‌ಡೇಟ್: ಹಣ್ಣುನೊಣದ ಎಡಿಎಚ್, ಮರಿಹುಳದಲ್ಲೂ ಅಂತರ ಇದೆ

ಹಣ್ಣುನೊಣದ ‘ಫಾಸ್ಟ್’ ತಳಿಯಲ್ಲಿ ಆಲ್ಕೋಹಾಲ್ ಡಿಹೈಡ್ರೋಜಿನೇಸ್ (ಎಡಿಎಚ್, ಆಲ್ಕೋಹಾಲ್ ಒಡೆಯುವ ಕಿಣ್ವ) ಚಟುವಟಿಕೆ ‘ಸ್ಲೋ’ ತಳಿಗಿಂತ ಜಾಸ್ತಿ; ಇದು ಮರಿಹುಳದಲ್ಲೂ ಕಾಣುತ್ತದಾ ಅಂತ ಹಿಂದೆ ಇಲ್ಲೇ ಕೇಳಿದ್ದೆ. ನೀವು ಹೇಳಿದಂತೆ ಒಂದೊಂದು ಹಂತವನ್ನೂ ಬೇರೆ ಮಾಡಿ 340 ನ್ಯಾನೋಮೀಟರ್ ಬೆಳಕಿನಲ್ಲಿ ಕಿಣ್ವದ ಚಟುವಟಿಕೆ ಅಳೆದೆ. ಮೂರನೇ ಹಂತದ ಮರಿಹುಳದಲ್ಲಿ ಅಂತರ ಎದ್ದು ಕಾಣುತ್ತೆ. ಪ್ಯೂಪಾದಲ್ಲಿ (ಮರಿಹುಳ ನೊಣವಾಗುವ ನಡುವಿನ ಹಂತ) ಎರಡೂ ಮಂಕು, ಪ್ರೌಢ ನೊಣದಲ್ಲಿ ಮತ್ತೆ ಏರಿಕೆ.

ನನಗೆ ಮಜಾ ಅನಿಸಿದ್ದು ಕಾರಣ. ಜೀನ್ ಒಂದೇ, ಪ್ರೊಮೋಟರ್ (ಜೀನ್ ಓದಲು ಶುರು ಮಾಡಿಸುವ ಡಿಎನ್‌ಎ ಭಾಗ) ಎರಡು: ಮರಿಹುಳಕ್ಕೆ ಹತ್ತಿರದ್ದು, ಪ್ರೌಢ ನೊಣಕ್ಕೆ ದೂರದ್ದು. ತಯಾರಾಗುವ ಪ್ರೋಟೀನ್ ಮಾತ್ರ ಅದೇ! 1983ರಲ್ಲಿ ತಳಿವಿಜ್ಞಾನಿ ಮಾರ್ಟಿನ್ ಕ್ರೈಟ್‌ಮನ್ ಈ ಜೀನ್‌ನ 11 ಪ್ರತಿಗಳ ಡಿಎನ್‌ಎ ಅಕ್ಷರಗಳನ್ನು ಓದಿದಾಗ 43 ಕಡೆ ವ್ಯತ್ಯಾಸ ಸಿಕ್ಕಿತ್ತು. ಆದರೆ ಪ್ರೋಟೀನ್ ಕಟ್ಟುವ ಅಮೈನೋ ಆಮ್ಲ ಬದಲಾಗಿದ್ದು ಒಂದೇ ಕಡೆ. ಫಾಸ್ಟ್‌ನಲ್ಲಿ ಥ್ರಿಯೋನಿನ್, ಸ್ಲೋನಲ್ಲಿ ಲೈಸಿನ್. ಹಾಗಾಗಿ ಪ್ರೊಮೋಟರ್ ಯಾವುದಾದರೂ ಈ ಅಂತರ ಜೊತೆಗೇ ಬರುತ್ತೆ. ಫಾಸ್ಟ್‌ನಲ್ಲಿ ಕಿಣ್ವದ ಪ್ರಮಾಣವೂ ಹೆಚ್ಚು, ಮುಂದೆ ಅದನ್ನೇ ಅಳೆಯೋದು.