ಡೋನರ್ ಕಾರ್ಡ್ ಇದ್ದರೂ ಮನೆಯವರು ಒಪ್ಪಲೇಬೇಕಾ?

ತುಂಗಾತೀರ: ಕರ್ನಾಟಕದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಅಂಗದಾನಕ್ಕೆ ಹೆಸರು ಕೊಟ್ಟಿದ್ದೇನೆ. ಜೀವ ಇರುವಾಗಲೇ ಅಂಗ ತೆಗೆದುಬಿಟ್ಟರೆ ಅಂತ ಅಪ್ಪನಿಗೆ ಭಯ. ಏನು ಹೇಳಲಿ?

ಐಸಿಯು ನರ್ಸ್: ಭಯ ಸಹಜ. ಆದರೆ 1994ರ ಅಂಗಾಂಗ ಕಸಿ ಕಾನೂನಿನಂತೆ, ಅಂಗ ತೆಗೆಯುವ ಮೊದಲು ಮಿದುಳು ಸತ್ತಿದೆ ಅಂತ ನಾಲ್ವರು ವೈದ್ಯರು ಬರೆದುಕೊಡಬೇಕು, ಅದೂ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ, ಮತ್ತು ಕಸಿ ಮಾಡುವ ತಂಡದವರು ಆ ನಾಲ್ವರಲ್ಲಿ ಇರುವಂತಿಲ್ಲ. ಸ್ವಂತ ಉಸಿರು ಬರುತ್ತದಾ ಅಂತಲೂ ನೋಡುತ್ತಾರೆ. ಕೋಮಾ ಬೇರೆ, ಮಿದುಳು ಸಾಯುವುದು ಬೇರೆ.

ಮಲೆನಾಡಿಗ: ಕಾರ್ಡ್ ಇದ್ದರೂ ಕೊನೆಗೆ ಮನೆಯವರನ್ನೇ ಕೇಳುತ್ತಾರೆ. 2021ರಲ್ಲಿ ನಟ ಸಂಚಾರಿ ವಿಜಯ್ ಅವರ ಅಂಗಾಂಗ ದಾನವಾಗಿದ್ದು ಮನೆಯವರು ಒಪ್ಪಿದ್ದರಿಂದಲೇ, ಅಲ್ವಾ? ಸುಮ್ನೆ ಕಾರ್ಡ್ ಪರ್ಸಿನಲ್ಲಿಟ್ಟರೆ ಸಾಲದು, ಅಪ್ಪನ ಜೊತೆ ಕೂತು ಮಾತಾಡಿ.

ತುಂಗಾತೀರ: ನಾಲ್ವರು ವೈದ್ಯರ ವಿಷಯ ಅಪ್ಪನಿಗೆ ಗೊತ್ತೇ ಇಲ್ಲ. ಇವತ್ತೇ ಹೇಳುತ್ತೇನೆ, ಥ್ಯಾಂಕ್ಸ್.